ಹೊಂಗೆಮರದ ತಿರುವು

ಬೇಸಿಗೆ ಬಂತೆಂದರೆ ಆ ನದಿ ಮೈ ಕುಗ್ಗಿಸಿಕೊಂಡು ಆಚೆ ದಡಕ್ಕೆ ಸರಿಯುತ್ತಿತ್ತು. ಈಚೆ ದಡದಲ್ಲಿ ಗರಸು ನೆಲ ಹರವಾಗಿ ತೆರೆದುಕೊಳ್ಳುತ್ತಿತ್ತು.

ಆ ನೆಲದ ಅಂಚಿಗೆ ಒಂದು ತಗಡಿನ ಶೆಡ್ಡು. ಶೆಡ್ಡಿನ ಪಕ್ಕ, ಚಪ್ಪರದ ಕೆಳಗೆ, ಒಂದು ಹಳೆಯ ನೀಲಿ ಕಾರು.

ಕಾರು ತಾಯಕ್ಕನದು. ಒಂದು ಕಾಲಕ್ಕೆ ಅವಳು ರ‍್ಯಾಲಿಗಳಲ್ಲಿ ಗಂಡಸರ ಕಣ್ಣಿಗೆ ಧೂಳು ತುಂಬಿ ಮುಂದೆ ಹೋದವಳು. ಈಗ ಎಪ್ಪತ್ತು ದಾಟಿತ್ತು. ಬಲ ಮಂಡಿ ಸವೆದಿತ್ತು. ದಿನಕ್ಕೆ ಒಂದು ಸುತ್ತು ಓಡಿಸಿ ಇಳಿದರೆ ಮರುದಿನ ಬೆಳಗಿನವರೆಗೂ ಆ ಮಂಡಿ ಅವಳೊಂದಿಗೆ ಜಗಳವಾಡುತ್ತಿತ್ತು.

ಅವಳ ಶಿಷ್ಯೆ ಹೈಮ. ಹೈಮಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅವಳು ಕಲಿಯಲು ಬಂದದ್ದೂ ಅದನ್ನಲ್ಲ. ಕಂಪ್ಯೂಟರಿನೊಳಗೆ ಒಂದು ಕಾರು ಕಟ್ಟಬೇಕು, ಕೂತು ಆಡುವವರ ಕೈಗೆ ಅದು ನಿಜವಾದ ಕಾರಿನಂತೆಯೇ ಸಿಗಬೇಕು, ನಿಜವಾದ ಕಾರಿನಂತೆಯೇ ಜಾರಬೇಕು. ಅಷ್ಟೇ ಅವಳ ಆಸೆ. ಪುಸ್ತಕದ ಲೆಕ್ಕವೆಲ್ಲ ಅವಳಿಗೆ ಬಾಯಿಪಾಠ. ನೆಲದ ಲೆಕ್ಕ ಗೊತ್ತಿರಲಿಲ್ಲ.

ಶೆಡ್ಡಿನೊಳಗೆ ಗುಜರಿಯ ಕಾರಿನಿಂದ ಬಿಚ್ಚಿ ತಂದ ಒಂದು ಸೀಟು. ಅದರ ಎದುರು ಮೂರು ಪರದೆ. ಒಂದು ಸ್ಟೀರಿಂಗ್, ಅದರ ಬೆನ್ನಿಗೆ ಒಂದು ಮೋಟಾರು. ಕಂಪ್ಯೂಟರಿನೊಳಗಿನ ಕಾರು ಎಳೆದತ್ತ ಮೋಟಾರು ಸ್ಟೀರಿಂಗನ್ನು ಎಳೆಯುತ್ತಿತ್ತು. ಕಾಲಡಿಯಲ್ಲಿ ಮೂರು ಪೆಡಲು. ಆ ಗರಸು ನೆಲದ ಮೇಲೆ ತಾಯಕ್ಕ ಕಾರು ಓಡಿಸುತ್ತಿದ್ದ ಏಳು ತಿರುವಿನ ಟ್ರ್ಯಾಕನ್ನು ಹೈಮ ಗೇಣು ಗೇಣು ಅಳೆದು ಆ ಪರದೆಯೊಳಗೆ ಇಟ್ಟಿದ್ದಳು.

ತಾಯಕ್ಕ ಅದನ್ನು ಆಟ ಎನ್ನುತ್ತಿದ್ದಳು. ಬೈಗುಳವಾಗಿಯೂ ಅಲ್ಲ, ಹೊಗಳಿಕೆಯಾಗಿಯೂ ಅಲ್ಲ.

ಅಲ್ಲಿ ಎರಡು ಕಟ್ಟಳೆ ಇದ್ದವು. ಆಟದ ಕಾರು ಸರಿಹೋಗುವ ತನಕ ಶಿಷ್ಯೆ ನಿಜವಾದ ಕಾರಿನ ಸ್ಟೀರಿಂಗ್ ಮುಟ್ಟುವಂತಿಲ್ಲ. ದಿನಾ ಬೆಳಗ್ಗೆ ಟ್ರ್ಯಾಕನ್ನು ಬರಿಗಾಲಲ್ಲಿ ಒಂದು ಸುತ್ತು ನಡೆಯಬೇಕು.

ಮೊದಲ ದಿನ ಹೈಮ ನಡೆದು ಬಂದಳು.

"ಏನು ನೋಡಿದೆ?" ತಾಯಕ್ಕ ಕೇಳಿದಳು.

"ಗರಸು."

"ಅದು ನಿನ್ನೇನೂ ಇತ್ತು. ಇವತ್ತು ಏನು ನೋಡಿದೆ?"

ಹೈಮ ತನ್ನ ಅಂಗಾಲು ನೋಡಿಕೊಂಡಳು.

"ಮತ್ತೆ ನಡಿ."

ಹೀಗೆ ಎರಡು ಬೇಸಿಗೆ ಕಳೆದವು. ಹೈಮಳ ಅಂಗಾಲು ದಪ್ಪಗಾಯಿತು. ಉತ್ತರ ಮಾತ್ರ ಸರಿಯಾಗಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಉತ್ತಯ್ಯ ಬಂದ.

ಉತ್ತಯ್ಯ ಕೊಡಗಿನವನು. ಹೆಸರು ಮಾಡಿದ ರ‍್ಯಾಲಿ ಚಾಲಕ. ಹಳೆಯ ಕಾರುಗಳನ್ನು ತಂದು ಗಾಜಿನ ಗೋಡೆಯ ದೊಡ್ಡ ಕೋಣೆಯಲ್ಲಿ ಸಾಲಾಗಿ ನಿಲ್ಲಿಸುವುದು ಅವನ ಹವ್ಯಾಸ.

"ತಾಯಕ್ಕ, ಈ ಕಾರು ನನಗೆ ಕೊಡಿ," ಎಂದ. "ನಿಮ್ಮ ಹೆಸರು ಬರೆಸಿ, ದೀಪ ಹಾಕಿಸಿ ಇಡ್ತೀನಿ. ದಿನಾ ಒರೆಸೋಕೆ ಜನ ಇದ್ದಾರೆ."

"ಅಲ್ಲಿ ಓಡುತ್ತಾ?"

"ಯಾಕೆ ಓಡಬೇಕು? ನೋಡೋರು ಬರ್ತಾರೆ."

ತಾಯಕ್ಕ ಮಂಡಿ ನೀವಿಕೊಂಡಳು. "ಓಡದ ಕಾರನ್ನು ಇಟ್ಟುಕೊಳ್ಳೋದು ಕಾರಿಗೆ ಮಾಡೋ ಅವಮಾನ ಕಣಪ್ಪ. ನನ್ನ ಕೈಲೂ ಇನ್ನು ಆಗಲ್ಲ. ಒಂದು ಕೆಲಸ ಮಾಡೋಣ. ನದಿ ತುಂಬೋ ಮುಂಚೆ ನನ್ನ ಶಿಷ್ಯೆ ಇದನ್ನು ಓಡಿಸ್ತಾಳೆ. ಮೂರು ಸುತ್ತು. ಮೂರರಲ್ಲಿ ಒಂದಾದರೂ ನನ್ನ ಹಳೇ ಸಮಯದೊಳಗೆ ಬಂದರೆ ಕಾರು ಅವಳದು. ಬರದೇ ಇದ್ದರೆ ನಿನ್ನದು. ಶೆಡ್ಡಿಗೂ ಬೀಗ ಹಾಕ್ತೀನಿ."

ಅವಳ ಹಳೆಯ ಸಮಯ ಒಂದು ನಿಮಿಷ ಐವತ್ತೆರಡು ಸೆಕೆಂಡು. ಚಪ್ಪರದ ಕಂಬದ ಮೇಲೆ ಮೊಳೆಯಿಂದ ಕೆತ್ತಿಟ್ಟಿದ್ದಳು.

ಉತ್ತಯ್ಯ ಹೈಮಳ ಕಡೆ ತಿರುಗಿದ. "ಲೈಸೆನ್ಸ್ ಇದೆಯೇನಮ್ಮ?"

"ಇದೆ," ಎಂದಳು ಹೈಮ.

"ಯಾವುದರದ್ದು?"

"ಸ್ಕೂಟರಿನದ್ದು."

ಉತ್ತಯ್ಯ ನಗು ತಡೆಯಲು ನೋಡಿದ. ಆಗಲಿಲ್ಲ. "ಹಾಗಾದರೆ ಕಾರು ಓಡಿಸೋದು ಎಲ್ಲಿ ಕಲೀತೀರಿ?"

ತಾಯಕ್ಕ ಶೆಡ್ಡಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ಅಲ್ಲಿ. ಅವಳೇ ಕಟ್ಟಿದ ಕಾರಲ್ಲಿ. ಅದು ನಿಜವಾಗಿದ್ದರೆ ಇದನ್ನೂ ಓಡಿಸ್ತಾಳೆ. ಸುಳ್ಳಾಗಿದ್ದರೆ ಮೊದಲನೇ ತಿರುವಿನಲ್ಲೇ ನಿನಗೆ ಗೊತ್ತಾಗುತ್ತೆ."

ಉತ್ತಯ್ಯ ಹೋದ ಮೇಲೆ ಹೈಮ ಕೇಳಿದಳು, "ಇಷ್ಟು ದೊಡ್ಡ ಮಾತು ಯಾಕೆ ಕೊಟ್ಟಿರಿ ತಾಯಕ್ಕ?"

"ಮೂರು ವರ್ಷದಿಂದ ನನ್ನ ಅನ್ನ ತಿಂದಿದ್ದೀಯ. ನೀನು ಮಾಡಿದ್ದು ಅಡುಗೆಯೋ ಅಡುಗೆಯ ಚಿತ್ರವೋ ನನಗೆ ಗೊತ್ತಾಗಬೇಡವಾ?"

ಅಂದಿನಿಂದ ಹೈಮಳ ತಲೆಯಲ್ಲಿ ಒಂದೇ ಮಾತು. ಆಟ ನಿಜವಾಗಬೇಕು.

ನಿಜವಾದ ಕಾರು ಸುಲಭಕ್ಕೆ ಬಗ್ಗುವುದಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ಅಂಕಿಗಳನ್ನು ಬಿಗಿ ಮಾಡುತ್ತ ಹೋದಳು. ಟೈರಿನ ಹಿಡಿತ ತಪ್ಪಿತೆಂದರೆ ತಪ್ಪಿತು, ಮುಗಿಯಿತು. ಸ್ಟೀರಿಂಗ್ ಒಂದು ಬೆರಳು ಹೆಚ್ಚು ತಿರುಗಿಸಿದರೆ ಕಾರು ಬುಗುರಿಯಾಗುತ್ತಿತ್ತು.

ಸುತ್ತಮುತ್ತಲಿನ ಊರುಗಳಿಂದ ಹತ್ತು ಜನ ಆಡಲು ಬಂದರು. ಅವರಲ್ಲಿ ಲಾರಿ ಓಡಿಸುವವರಿದ್ದರು, ಟ್ಯಾಕ್ಸಿ ಓಡಿಸುವವರಿದ್ದರು. ಹತ್ತು ಜನವೂ ನದಿಯಂಚಿನ ಹೊಂಗೆಮರದ ತಿರುವಿನಲ್ಲಿ ಸುತ್ತಿ ಬಿದ್ದರು.

ಹೈಮ ಖುಷಿಯಿಂದ ಗುರುವಿನ ಬಳಿ ಓಡಿದಳು. "ಒಬ್ಬರ ಕೈಲೂ ಒಂದು ಸುತ್ತು ಮುಗಿಸೋಕಾಗಲಿಲ್ಲ ತಾಯಕ್ಕ. ಅಷ್ಟು ನಿಜವಾಗಿದೆ."

ತಾಯಕ್ಕ ಬಂದು ಸೀಟಿನಲ್ಲಿ ಕೂತಳು. ತಿರುವಿಗೆ ಬಂದಳು. ಅವಳೂ ಸುತ್ತಿ ಬಿದ್ದಳು.

"ನನ್ನ ವಯಸ್ಸೆಷ್ಟು?" ಎಂದು ಕೇಳಿದಳು.

"ಎಪ್ಪತ್ತೊಂದು."

"ನಿಜವಾದ ಕಾರು ಹೀಗೇ ಇದ್ದಿದ್ದರೆ ನನಗೆ ಮೂವತ್ತೂ ಆಗ್ತಿರಲಿಲ್ಲ."

ಹೈಮಳ ಮುಖ ಸಣ್ಣದಾಯಿತು. "ಮತ್ತೆ ಟೈರು ಹೇಗೆ ಜಾರುತ್ತೆ?"

ತಾಯಕ್ಕ ಬಗ್ಗಿ ಕಾಲಿನಿಂದ ಹವಾಯಿ ಚಪ್ಪಲಿ ತೆಗೆದಳು.

ಹೈಮ ಎರಡು ಹೆಜ್ಜೆ ಹಿಂದೆ ಸರಿದಳು.

"ಹೊಡೆಯೋಕಲ್ಲ ಬಾರೇ," ಎಂದಳು ತಾಯಕ್ಕ. "ಹೊಡೆಯೋ ಹಾಗಿದ್ದರೆ ಮೂರು ವರ್ಷ ಯಾಕೆ ಕಾಯ್ತಿದ್ದೆ."

ಅವಳು ಚಪ್ಪಲಿಯನ್ನು ಬಾಗಿಲ ಬಳಿಯ ಕಲ್ಲುಚಪ್ಪಡಿಯ ಮೇಲೆ ಇಟ್ಟು, ಅಂಗೈಯಿಂದ ಒತ್ತಿ ಹಿಡಿದಳು. "ನೀನು ಪಕ್ಕದಿಂದ ನೂಕು. ಮೆಲ್ಲಗೆ."

ಹೈಮ ನೂಕಿದಳು. ಚಪ್ಪಲಿ ಅಲ್ಲಾಡಲಿಲ್ಲ. ರಬ್ಬರು ಮಾತ್ರ ಒಂದಿಷ್ಟು ಸೊಟ್ಟಗಾಯಿತು.

"ಇನ್ನೂ."

ಸೊಟ್ಟ ಹೆಚ್ಚಿತು. ಅಂಚು ಕಿರ್ ಎಂದಿತು. ನಡುಭಾಗ ಕಲ್ಲನ್ನು ಹಿಡಿದುಕೊಂಡೇ ಇತ್ತು.

"ಇನ್ನೂ."

ಕಿರುಗುಟ್ಟುವುದು ಜೋರಾಯಿತು. ಆಮೇಲೆ, ಆಮೇಲೆಯೇ, ಚಪ್ಪಲಿ ಪೂರ್ತಿ ಜಾರಿತು.

"ಎಷ್ಟು ಸಲ ಹೇಳಿತು?" ತಾಯಕ್ಕ ಕೇಳಿದಳು.

ಹೈಮ ಎಣಿಸಿದಳು. "ಎರಡು ಸಲ. ಸೊಟ್ಟಗಾಗಿ ಒಂದು ಸಲ. ಕಿರುಗುಟ್ಟಿ ಒಂದು ಸಲ."

"ನಿನ್ನ ಟೈರು ಎಷ್ಟು ಸಲ ಹೇಳುತ್ತೆ?"

ಹೈಮ ಪರದೆಯ ಕಡೆ ತಿರುಗಿ ನೋಡಿದಳು.

"ಹೇಳದೆ ಕೇಳದೆ ಕೈ ಬಿಡೋದು ಕಾರಿನ ಗುಣ ಅಲ್ಲ. ಮನುಷ್ಯರದು." ತಾಯಕ್ಕ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದಳು.

ಹೈಮ ಮತ್ತೆ ಅಂಕಿಗಳ ಮುಂದೆ ಕೂತಳು. ಬಿಗಿ ಮಾಡಿದ್ದನ್ನೆಲ್ಲ ಸಡಿಲಿಸಿದಳು. ಈಗ ಕಾರು ಮೃದುವಾಗಿ ಜಾರತೊಡಗಿತು. ಆದರೂ ಜನ ಆಗೊಮ್ಮೆ ಈಗೊಮ್ಮೆ ಬೀಳುತ್ತಿದ್ದರು.

ನದಿ ತುಂಬಲು ಎರಡು ತಿಂಗಳು ಉಳಿದಿತ್ತು. ಅವಳಿಗೆ ಧೈರ್ಯ ಸಾಲಲಿಲ್ಲ. ಯಾರಿಗೂ ಕಾಣದಂತೆ ಆಟ ನಡೆಸುವ ಕೋಡಿನಲ್ಲಿ ಒಂದು ಸಾಲು ಸೇರಿಸಿದಳು. ಕಾರು ತೀರಾ ಜಾರಿದಾಗ, ಕಣ್ಣಿಗೆ ಕಾಣದ ಒಂದು ಬಲ ಬಂದು ಅದನ್ನು ಮೆಲ್ಲಗೆ ನೆಟ್ಟಗೆ ಮಾಡಿಬಿಡುತ್ತಿತ್ತು.

ಆ ಹತ್ತು ಜನ ಮತ್ತೆ ಬಂದರು. ಹತ್ತು ಜನವೂ ಸುತ್ತು ಮುಗಿಸಿದರು. "ಇದು ಕಾರು ಅಂದರೆ," ಎಂದರು. ಒಬ್ಬ ಟ್ಯಾಕ್ಸಿಯವನಂತೂ ಸೀಟು ಬಿಟ್ಟು ಏಳಲೇ ಇಲ್ಲ. ಹೈಮಳೂ ಓಡಿಸಿದಳು. ಒಂದು ನಿಮಿಷ ನಲವತ್ತೊಂಬತ್ತು ಸೆಕೆಂಡು. ಗುರುವಿನ ಸಮಯಕ್ಕಿಂತ ಮೂರು ಸೆಕೆಂಡು ಮುಂದೆ.

ಅಂದು ಅವಳು ಊಟಕ್ಕೆ ಎರಡು ಸಲ ಬಡಿಸಿಕೊಂಡಳು.

ಮರುದಿನ ತಾಯಕ್ಕ ಆಟಕ್ಕೆ ಕೂತಳು. ಹೊಂಗೆಮರದ ತಿರುವು ಬಂತು. ಅಲ್ಲಿ ಅವಳು ಬೇಕೆಂದೇ ತಪ್ಪು ಮಾಡಿದಳು. ಹಿಂದಿನ ಚಕ್ರ ಜಾರುತ್ತಿರುವಾಗ ಸ್ಟೀರಿಂಗನ್ನು ಬಿಗಿಯಾಗಿ ಹಾಗೆಯೇ ಹಿಡಿದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಳು.

ಕಾರು ಸುತ್ತಿ ಬೀಳಬೇಕಿತ್ತು. ಬೀಳಲಿಲ್ಲ. ಒಳ್ಳೆಯ ಮಗುವಿನಂತೆ ನೆಟ್ಟಗಾಗಿ ಮುಂದೆ ಹೋಯಿತು.

ತಾಯಕ್ಕ ಬ್ರೇಕ್ ಒತ್ತಿ ನಿಲ್ಲಿಸಿದಳು. ಕತ್ತು ತಿರುಗಿಸಿ ಹಿಂದೆ ನೋಡಿದಳು. ಹಿಂದೆ ಶೆಡ್ಡಿನ ಗೋಡೆ, ಗೋಡೆಗೆ ಒರಗಿಸಿದ ಪೊರಕೆ.

"ಹೈಮ."

"ಏನು ತಾಯಕ್ಕ?"

"ಹಿಂದಿನ ಸೀಟಿನಲ್ಲಿ ಯಾರೋ ಕೂತಿದ್ದಾರೆ. ಇಳಿಸು."

ಹೈಮಳಿಗೆ ಕಿವಿಯವರೆಗೂ ಬಿಸಿಯಾಯಿತು. ಆ ಸಾಲನ್ನು ಅವಳು ಗುರುವಿನ ಎದುರೇ ಅಳಿಸಿದಳು. ಅಳಿಸಿ, ತಾನೇ ಕೂತು ಓಡಿಸಿದಳು. ಎರಡು ನಿಮಿಷ ಹತ್ತು ಸೆಕೆಂಡು. ಅದೂ ಎರಡು ಸಲ ಸುತ್ತಿ ಬಿದ್ದ ಮೇಲೆ.

"ಬಿಗಿ ಮಾಡಿದರೆ ಸುಳ್ಳು. ಸಡಿಲಿಸಿದರೆ ಸುಳ್ಳು," ಎಂದಳು. ಕಣ್ಣಲ್ಲಿ ನೀರಿತ್ತು. "ನಿಜ ಎಲ್ಲಿದೆ ತಾಯಕ್ಕ?"

"ಚಪ್ಪರದ ಕೆಳಗೆ ನಿಂತಿದೆ. ಬಾ."

"ನಾನು ಮುಟ್ಟೋ ಹಾಗಿಲ್ಲವಲ್ಲ."

"ಸ್ಟೀರಿಂಗ್ ಮುಟ್ಟೋ ಹಾಗಿಲ್ಲ. ಪಕ್ಕದಲ್ಲಿ ಕೂರಬೇಡ ಅಂತ ಯಾವತ್ತು ಹೇಳಿದ್ದೆ? ಮೂರು ವರ್ಷದಲ್ಲಿ ಒಂದು ಸಲ ಆದರೂ ಕೇಳಿದೆಯಾ?"

ಹೈಮ ಕೇಳಿರಲಿಲ್ಲ. ಕಟ್ಟಳೆಯನ್ನು ಅವಳು ತಾನೇ ಉದ್ದ ಮಾಡಿಕೊಂಡಿದ್ದಳು.

ಅವಳು ಪಕ್ಕದ ಸೀಟಿನಲ್ಲಿ ಕೂತಳು. ತಾಯಕ್ಕ ತನ್ನ ಹೆಗಲ ಮೇಲಿನ ಟವೆಲನ್ನು ತೆಗೆದು ಹೈಮಳ ಕಣ್ಣಿಗೆ ಕಟ್ಟಿದಳು.

"ತಿರುವಿನಲ್ಲಿ ಕಾರು ಜಾರೋದಕ್ಕೆ ಮುಂಚೆ 'ಈಗ' ಅನ್ನು. ಜಾರಿದ ಮೇಲೆ ಅಲ್ಲ."

ಕಾರು ಹೊರಟಿತು. ತಿರುವು ಬಂತು. "ಈಗ," ಎಂದಳು.

"ಜಾರಿ ಆಗಲೇ ಒಂದು ಮಾರು ಆಯಿತು," ಎಂದಳು ತಾಯಕ್ಕ.

ದಿನಕ್ಕೆ ಒಂದೇ ಸುತ್ತು. ಒಂದೇ ಸುತ್ತಿನಲ್ಲಿ ಏಳು ತಿರುವು. ಏಳು ಸಲವೂ ಹೈಮ ತಡ.

ಎಂಟನೆಯ ದಿನ ಅವಳಿಗೆ ಕಾರಿನ ಹೊಟ್ಟೆಯ ಕೆಳಗೆ ಒಂದು ಸದ್ದು ಕೇಳಿಸಿತು. ಮೊರದಲ್ಲಿ ಅಕ್ಕಿ ಕೇರುವಂಥ ಸದ್ದು. ಗರಸಿನ ಸಣ್ಣ ಕಲ್ಲುಗಳು ತಗಡಿಗೆ ಬಡಿಯುತ್ತಿದ್ದವು. ತಿರುವಿಗೆ ಬಂದಾಗ ಆ ಸದ್ದು ದಪ್ಪಗಾಯಿತು. ರಾಗಿ ಬೀಸುವ ಕಲ್ಲಿನ ಹಾಗಾಯಿತು.

"ಈಗ," ಎಂದಳು ಹೈಮ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಾರು ಜಾರಿತು.

ತಾಯಕ್ಕ ಮಂಡಿ ನೋವನ್ನೂ ಮರೆತು ಅಂದು ಇನ್ನೊಂದು ಸುತ್ತು ಹೊಡೆದಳು.

ಸದ್ದು ಸಿಕ್ಕ ಮೇಲೆ ಉಳಿದದ್ದೂ ಒಂದೊಂದಾಗಿ ಸಿಗತೊಡಗಿತು. ಬ್ರೇಕ್ ಒತ್ತಿದಾಗ ಕಾರಿನ ಭಾರವೆಲ್ಲ ಮೂಗಿಗೆ ಬರುವುದು. ಆಗ ಹಿಂಭಾಗ ಹಗುರಾಗಿ ಚಂಚಲವಾಗುವುದು. ಕಣ್ಣಿನ ಕಟ್ಟು ಬಿಚ್ಚಿಸಿಕೊಂಡ ದಿನ ಅವಳು ಗುರುವಿನ ಕೈಯನ್ನೇ ನೋಡಿದಳು. ಮುಂದಿನ ಟೈರು ಸೋಲುವ ಮೊದಲು ಆ ಕೈ ಒಂದಿಷ್ಟು ಸಡಿಲವಾಗುತ್ತಿತ್ತು.

"ಅಲ್ಲಿ ಯಾಕೆ ಸಡಿಲಿಸಿದಿರಿ?"

"ನಾನೆಲ್ಲಿ ಸಡಿಲಿಸಿದೆ? ಸ್ಟೀರಿಂಗೇ ಹಗುರಾಯಿತು. ಬಿಂದಿಗೆಯ ನೀರು ಯಾರೋ ಚೆಲ್ಲಿದ ಹಾಗೆ."

"ಹಿಂದಿನ ಚಕ್ರ ಜಾರಿದಾಗ?"

"ಆಗಲೂ ನನ್ನ ಕೆಲಸ ಕಡಿಮೆ. ಅಂಗೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನೇ ಜಾರಿದ ಕಡೆಗೆ ತಿರುಗುತ್ತೆ. ನಾನು ಎಲ್ಲಿ ಹಿಡಿದು ನಿಲ್ಲಿಸಬೇಕು ಅಂತ ನೋಡ್ತೀನಿ, ಅಷ್ಟೇ."

"ಹಾಗಾದರೆ ನಾನು ಸೇರಿಸಿದ್ದ ಆ ಸಾಲಿಗೂ ಇದಕ್ಕೂ ಏನು ವ್ಯತ್ಯಾಸ?"

"ಇದು ಕಾರಿನ ಬುದ್ಧಿ. ಅದು ನಿನ್ನ ಹೆದರಿಕೆ."

ಹೈಮ ಎಲ್ಲವನ್ನೂ ಆಟದೊಳಗೆ ತಂದಳು. ಅಕ್ಕಿ ಕೇರುವ ಸದ್ದು, ರಾಗಿ ಬೀಸುವ ಸದ್ದು, ಹಗುರಾಗುವ ಸ್ಟೀರಿಂಗ್, ಅಂಗೈಯಲ್ಲಿ ತಾನೇ ಹೊರಳುವ ಸ್ಟೀರಿಂಗ್. ಬ್ರೇಕಿನ ಪೆಡಲಿಗೆ ಇದ್ದ ಮೆತ್ತನೆಯ ಸ್ಪ್ರಿಂಗ್ ಕಿತ್ತು, ಅಲ್ಲಿ ಲಾರಿ ಟೈರಿನ ಒಂದು ತುಂಡು ಕೊಯ್ದು ಇಟ್ಟಳು. ಒತ್ತಬೇಕಾದರೆ ತೊಡೆ ನಡುಗುತ್ತಿತ್ತು.

ಒಂದು ಮಧ್ಯಾಹ್ನ ತಾಯಕ್ಕ ಆಟಕ್ಕೆ ಕೂತಳು. ಒಂದು ಸುತ್ತು ಓಡಿಸಿದಳು. ಎದ್ದು ಒಳಗೆ ಹೋಗಿ ಮಲಗಿದಳು.

ಹೈಮ ಸಂಜೆಯವರೆಗೆ ಕಾದಳು. ತಡೆಯಲಾರದೆ ಬಾಗಿಲಲ್ಲಿ ನಿಂತಳು. "ಹೇಗಿತ್ತು ತಾಯಕ್ಕ?"

ತಾಯಕ್ಕ ಗೋಡೆಯ ಕಡೆಗೆ ಹೊರಳಿದಳು. "ಮಂಡಿ ನೋಯ್ತಿದೆ ಕಣೆ. ಎಣ್ಣೆ ಬಿಸಿ ಮಾಡು."

ಹೈಮ ಎಣ್ಣೆ ಬಿಸಿ ಮಾಡಿದಳು. ಗುರುವಿನ ಮಂಡಿಗೆ ತಿಕ್ಕುತ್ತ ತಿಕ್ಕುತ್ತ ನಗು ಉಕ್ಕಿ ಬಂತು. ಆ ಸುಳ್ಳು ಕಾರು ತಾಯಕ್ಕನ ಮಂಡಿಯನ್ನು ನಿಜವಾಗಿಯೂ ನೋಯಿಸಿತ್ತು.

"ನಗು, ನಗು," ಎಂದಳು ತಾಯಕ್ಕ. "ನಾಳಿದ್ದು ಉತ್ತಯ್ಯನನ್ನು ಕರೆಸಿದ್ದೀನಿ."

ಆ ದಿನ ಬಂತು. ಮೇಲಿನ ಊರುಗಳಲ್ಲಿ ಮಳೆ ಹಿಡಿದಿತ್ತು. ನದಿ ಒಂದು ಮಾರು ಈಚೆಗೆ ಸರಿದಿತ್ತು.

ಬೆಳಗ್ಗೆ ಹೈಮ ಬರಿಗಾಲಲ್ಲಿ ಟ್ರ್ಯಾಕ್ ನಡೆದು ಬಂದಳು. ತಾಯಕ್ಕ ಚಪ್ಪರದ ಕೆಳಗೆ ಕಾಫಿ ಕುಡಿಯುತ್ತಿದ್ದಳು.

"ಏನು ನೋಡಿದೆ?"

"ಮೊದಲ ನಾಲ್ಕು ತಿರುವು ಒಣಗಿವೆ. ಐದನೆಯದರಲ್ಲಿ ಹೊಸ ಮರಳು ಒಂದು ಬೆರಳು ದಪ್ಪ ಬಂದು ಕೂತಿದೆ. ಹೊಂಗೆಮರದ ಹತ್ತಿರ ಒಳಬದಿಯ ಜೇಡಿಮಣ್ಣು ತೇವ ಎಳೆದಿದೆ. ನನ್ನ ಹಿಮ್ಮಡಿ ಜಾರಿತು. ಹೊರಬದಿಯಲ್ಲಿ ಮಾತ್ರ ಗರಸು ಕಾಲಿಗೆ ಚುಚ್ಚುತ್ತೆ."

ತಾಯಕ್ಕ ಕಾಫಿಯ ಲೋಟ ಕೆಳಗಿಟ್ಟಳು. ಮತ್ತೆ ನಡಿ ಎನ್ನಲಿಲ್ಲ. ಕಾರಿನ ಕೀಲಿ ತೆಗೆದು ಕೊಟ್ಟಳು.

ಉತ್ತಯ್ಯ ಸ್ಟಾಪ್‌ವಾಚ್ ಹಿಡಿದು ಕಂಬದ ಪಕ್ಕ ನಿಂತಿದ್ದ. ಕಾರು ಸಾಗಿಸಲು ಒಂದು ಟ್ರಕ್ಕನ್ನೂ ತಂದಿದ್ದ.

"ಬೆಲ್ಟ್ ಬಿಗಿಯಾಗಿ ಹಾಕ್ಕೊಳ್ಳಿ," ಎಂದ ಹೈಮಳಿಗೆ. ಅವನ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಅದು ಅವಳನ್ನು ಇನ್ನಷ್ಟು ಹೆದರಿಸಿತು. "ಆಟದಲ್ಲಿ ಬಿದ್ದರೆ ಎದ್ದು ಚಹಾ ಕುಡೀಬಹುದು. ಇಲ್ಲಿ ಹಾಗಲ್ಲ."

ಮೊದಲ ಸುತ್ತು.

ಆಟದಲ್ಲಿ ಇಲ್ಲದ ಒಂದು ವಸ್ತು ಈ ಕಾರಿನಲ್ಲಿತ್ತು. ಅವಳ ಮೈ. ಬ್ರೇಕ್ ಒತ್ತಿದರೆ ಎದೆ ಬೆಲ್ಟಿಗೆ ಒತ್ತುತ್ತಿತ್ತು. ತಿರುವಿನಲ್ಲಿ ಬಾಗಿಲು ಬಂದು ಭುಜಕ್ಕೆ ಬಡಿಯುತ್ತಿತ್ತು. ಅವಳು ಪ್ರತಿ ತಿರುವಿನಲ್ಲೂ ಬೇಕಾದದ್ದಕ್ಕಿಂತ ಎರಡು ಪಟ್ಟು ನಿಧಾನಿಸಿದಳು.

"ಎರಡು ನಿಮಿಷ ಇಪ್ಪತ್ತು," ಎಂದ ಉತ್ತಯ್ಯ.

ಹೈಮ ಗುರುವಿನ ಮುಖ ನೋಡಿದಳು. ತಾಯಕ್ಕ ನದಿ ನೋಡುತ್ತಿದ್ದಳು.

ಎರಡನೆಯ ಸುತ್ತು.

ಈ ಸಲ ಸದ್ದು ಕೇಳಿಸಿತು. ಅಕ್ಕಿ ಕೇರುವ ಸದ್ದು. ಗುರುತಿನವರು ಸಂತೆಯಲ್ಲಿ ಹೆಸರು ಹಿಡಿದು ಕರೆದ ಹಾಗಾಯಿತು. ಮೊದಲ ತಿರುವಿನಲ್ಲಿ ಸ್ಟೀರಿಂಗ್ ಹಗುರಾಯಿತು, ಅವಳ ಕೈಗೆ ಏನು ಮಾಡಬೇಕೆಂದು ಗೊತ್ತಿತ್ತು. ಎರಡನೆಯದರಲ್ಲೂ ಗೊತ್ತಿತ್ತು. ಐದನೆಯದರಲ್ಲಿ ಹೊಸ ಮರಳಿಗೆ ಮುಂಚೆಯೇ ಬ್ರೇಕ್ ಬಿಟ್ಟಳು. ಕಾರು ತೇಲಿಕೊಂಡು ದಾಟಿತು.

ಹೊಂಗೆಮರ ಬಂತು. ಆಟದಲ್ಲಿ ಸಾವಿರ ಸಲ ಹೋಗಿದ್ದ ಒಳಬದಿಯ ದಾರಿಯನ್ನೇ ಕೈ ಹಿಡಿಯಿತು. ಜೇಡಿಮಣ್ಣು ಟೈರನ್ನು ಹಿಡಿಯಲಿಲ್ಲ. ಕಾರಿನ ಮೂಗು ಹೊರಗೆ ಹೋಗತೊಡಗಿತು. ಅವಳು ಬ್ರೇಕ್ ಒತ್ತಿ, ತಡವರಿಸಿ, ಹೇಗೋ ದಾಟಿದಳು.

"ಒಂದು ನಿಮಿಷ ಐವತ್ತೆಂಟು." ಉತ್ತಯ್ಯ ವಾಚನ್ನು ಮತ್ತೊಮ್ಮೆ ನೋಡಿದ. ಅವನ ಮುಖದ ನಗು ಎಲ್ಲೋ ಬಿದ್ದುಹೋಗಿತ್ತು. "ಇವರು ನಿಜಕ್ಕೂ ಇವತ್ತೇ ಮೊದಲು ಓಡಿಸ್ತಿರೋದಾ?"

ತಾಯಕ್ಕ ಕಾರಿನ ಕಿಟಕಿಯ ಬಳಿಗೆ ಕುಂಟಿಕೊಂಡು ಬಂದಳು.

"ಬೆಳಗ್ಗೆ ನಡೆದವಳು ಯಾರು?" ಎಂದಳು.

"ನಾನು."

"ಈಗ ಓಡಿಸಿದವಳು ಯಾರು?"

ಅಷ್ಟು ಕೇಳಿ ಹಿಂದಕ್ಕೆ ಹೋದಳು.

ಹೈಮ ಬಗ್ಗಿ, ಕಾಲಿನ ಬೂಟುಗಳನ್ನು ಬಿಚ್ಚಿ ಕಿಟಕಿಯಿಂದ ಹೊರಗೆ ಹಾಕಿದಳು. ಬರಿಗಾಲನ್ನು ಪೆಡಲುಗಳ ಮೇಲಿಟ್ಟಳು.

ಮೂರನೆಯ ಸುತ್ತು.

ಮೊದಲ ನಾಲ್ಕು ತಿರುವುಗಳು ಒಂದೇ ಉಸಿರಿನಲ್ಲಿ ಹೋದವು. ಅಂಗಾಲಿನಡಿ ನೆಲ ಇದ್ದಂತಿತ್ತು. ಐದನೆಯದರ ಮರಳು, ಮತ್ತೆ ಗಟ್ಟಿ ಗರಸು, ಮುಂದೆ ನೆಟ್ಟಗಿನ ದಾರಿ. ಕಾರು ಹಾಡತೊಡಗಿತು.

ಹೊಂಗೆಮರ ದೊಡ್ಡದಾಗುತ್ತ ಬಂತು. ಕೈ ಮತ್ತೆ ಒಳಬದಿಗೆ ಎಳೆಯಿತು. ಅವಳು ಕಾಲಿನ ಮಾತು ಕೇಳಿದಳು. ಹೊರಬದಿಯ ಉದ್ದದ ದಾರಿ ಹಿಡಿದಳು.

ದೂರದಲ್ಲಿ ಉತ್ತಯ್ಯ, "ಅಯ್ಯೋ, ಹೊರಗೆ ಹೋದರು," ಎಂದ.

ಅಕ್ಕಿ ಕೇರುವ ಸದ್ದು ದಪ್ಪಗಾಯಿತು. ರಾಗಿ ಬೀಸತೊಡಗಿತು. ಈಗ, ಎಂದುಕೊಂಡಳು ಹೈಮ. ಹಿಂಭಾಗ ಬಿಟ್ಟುಕೊಟ್ಟಿತು. ನದಿ ಕಿಟಕಿಯ ತುಂಬ ಬಂತು, ಕೆಂಪು ನೀರು, ತೇಲುವ ಕಸ, ಎಲ್ಲ ಒಂದೊಂದಾಗಿ ಕಾಣುವಷ್ಟು ಹತ್ತಿರ.

ಅವಳು ಅಂಗೈ ಸಡಿಲಿಸಿದಳು.

ಸ್ಟೀರಿಂಗ್ ಅವಳ ಬೆರಳುಗಳ ನಡುವೆ ತಾನೇ ಹೊರಳಿತು. ಹೊರಳಿ, ದಾರಿ ಸಿಕ್ಕ ಜಾಗದಲ್ಲಿ ಹಗುರವಾಗಿ ನಿಂತಿತು. ಅಲ್ಲಿ ಅವಳು ಹಿಡಿದುಕೊಂಡಳು. ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಗರಸು ಟೈರನ್ನು ಕಚ್ಚಿತು.

ನೀಲಿ ಕಾರು ಅಡ್ಡಡ್ಡವಾಗಿಯೇ ತಿರುವು ದಾಟಿ, ಹೊಂಗೆಯ ಒಣಗಿದೆಲೆಗಳನ್ನು ಮೇಲೆತ್ತಿ, ಬಾಣದ ಹಾಗೆ ನೆಟ್ಟಗಾಗಿ, ಧೂಳಿನ ಗೋಡೆಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಕಂಬದ ಮುಂದೆ ಹಾದುಹೋಯಿತು.

ಧೂಳು ಕೆಳಗಿಳಿಯಲು ಹೊತ್ತು ಹಿಡಿಯಿತು.

ಉತ್ತಯ್ಯ ವಾಚನ್ನು ತಾಯಕ್ಕನಿಗೆ ತೋರಿಸಿದ. ಅವಳಿಗೆ ಕನ್ನಡಕ ಇರಲಿಲ್ಲ.

"ಓದಪ್ಪ," ಎಂದಳು.

"ಒಂದು ನಿಮಿಷ ಐವತ್ತೊಂದು." ಅವನ ದನಿ ಗಟ್ಟಿಯಾಗಿಯೇ ಇತ್ತು. ಸೋತವನ ದನಿಯಾಗಿರಲಿಲ್ಲ. ತಲೆಯ ಮೇಲಿನ ಟೋಪಿ ತೆಗೆದ. "ತಾಯಕ್ಕ, ಆ ತಿರುವಿನಲ್ಲಿ ನಾನಾಗಿದ್ದರೆ ಬ್ರೇಕ್ ಒತ್ತುತ್ತಿದ್ದೆ."

"ಒತ್ತಿದ್ದರೆ ಈಗ ನಿನ್ನನ್ನು ನದಿಯಿಂದ ಎಳೀತಿದ್ದೆವು."

ಟ್ರಕ್ಕಿನವನು ಬಂದು ಕಾರು ಹತ್ತಿಸಲೇ ಎಂದು ಕೇಳಿದ. ಉತ್ತಯ್ಯ ಅವನನ್ನು ಖಾಲಿ ಟ್ರಕ್ಕಿನೊಂದಿಗೆ ಕಳಿಸಿಬಿಟ್ಟ. ತಾನು ಮಾತ್ರ ಹೋಗಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ಗುಜರಿಯ ಸೀಟನ್ನು, ಮೂರು ಪರದೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಚಪ್ಪಲಿ ಕಳಚಿಟ್ಟು ಒಳಗೆ ಹೋಗಿ ಕೂತ.

ತಾಯಕ್ಕ ಒಂದು ಮೊಳೆ ಹುಡುಕಿ ತಂದಳು. ಕಂಬದ ಮೇಲಿನ ತನ್ನ ಸಮಯದ ಮೇಲ್ಗಡೆ ಹೈಮಳ ಸಮಯ ಕೆತ್ತಿದಳು.

ಹೈಮ ಕಾರು ತಿರುಗಿಸಿಕೊಂಡು ಬಂದು ಚಪ್ಪರದ ಮುಂದೆ ನಿಲ್ಲಿಸಿದಳು. ಮುಖದ ತುಂಬ ಧೂಳು. ಧೂಳಿನ ನಡುವೆ ಕಣ್ಣೀರಿನ ಎರಡು ಗೆರೆ. ಬಾಯಿ ಮಾತ್ರ ನಗುತ್ತಿತ್ತು.

ತಾಯಕ್ಕ ಕಿಟಕಿಯ ಹತ್ತಿರ ಬಂದಳು.

"ತಾಯಕ್ಕ," ಎಂದಳು ಹೈಮ, "ಆ ತಿರುವಿನಲ್ಲಿ ನನಗೆ ಹೆದರಿಕೆಯೇ ಆಗಲಿಲ್ಲ. ನೀವು ಹಿಂದಿನ ಸೀಟಿನಲ್ಲಿ ಕೂತು ನನ್ನ ಕೈ ಹಿಡಿದ ಹಾಗಿತ್ತು."

ತಾಯಕ್ಕ ಕೈ ಚಾಚಿ ಅವಳ ಕೆನ್ನೆಯ ಧೂಳನ್ನು ಸೆರಗಿನಿಂದ ಒರೆಸಿದಳು. ನದಿಯ ಕಡೆ ಒಮ್ಮೆ ನೋಡಿದಳು. ನೀರು ಇನ್ನೂ ಹೊಂಗೆಮರ ಮುಟ್ಟಿರಲಿಲ್ಲ.

"ಹಾಗಾದರೆ ನನ್ನನ್ನೂ ಇಳಿಸು," ಎಂದಳು. "ಇನ್ನೊಂದು ಸುತ್ತು ಹೋಗಿ ಬಾ."